ಡೆಲಿತ್ ಅಂಗಡಿಯ ಹಸಿರು ಗಿಟಾರ್

ಮಾರ್ಚ್ 3, ಸೋಮವಾರ

ಬೆಳಗಿನ ಸರ್ವಿಸಿಂಗ್ ಮುಗಿಯಿತು. ಕನ್ನಡಿ ಮುಂದೆ ನಿಂತು ಕತ್ತಿನ ತೂತಿಗೆ ಟಾರ್ಚ್ ಬಿಟ್ಟು, ಒಳಗಿನ ವಾಲ್ವಿಗೆ ಪುಟ್ಟ ಬ್ರಷ್ ಹಾಕಿ ತಿರುಗಿಸಿ, ಸುತ್ತ ಒರೆಸಿ, ಹೊಸ ಫಿಲ್ಟರ್ ಒತ್ತಿ ಕೂರಿಸಿದ್ದು. ಮೊದಲ ವಾರಗಳಲ್ಲಿ ಇದಕ್ಕೇ ಅರ್ಧ ಗಂಟೆ ಹಿಡಿಯುತ್ತಿತ್ತು. ಈಗ ಬಸ್ ಡಿಪೋದಲ್ಲಿ ಇಂಜೆಕ್ಟರ್ ತೊಳೆದ ಹಾಗೆ. ಮನಸ್ಸು ಬೇರೆಲ್ಲೋ ಇರುತ್ತದೆ, ಕೈ ತನ್ನ ಪಾಡಿಗೆ ಮಾಡುತ್ತದೆ.

ಹೆಂಡತಿ ನೆರಿಸ್ ಔಷಧಿ ಅಂಗಡಿಯ ಕೆಲಸಕ್ಕೆ ಹೋದಳು. ಹೋಗುವಾಗ ಟೋಸ್ಟ್ ಸೀದಿದೆ ಅಂದಳು. ನನಗೆ ಗೊತ್ತಾಗಿರಲಿಲ್ಲ. ಮೂಗಿನಲ್ಲಿ ಉಸಿರಾಡದವನಿಗೆ ಎಲ್ಲಿಯ ವಾಸನೆ. ಟೀ ಬಿಸಿಯಿತ್ತು — ಊದಿ ಆರಿಸಲೂ ಆಗದು. ಆರುವವರೆಗೆ ಕೂತೆ. ಧ್ವನಿಪೆಟ್ಟಿಗೆ ತೆಗೆಸಿಕೊಂಡ ಮೇಲೆ ಕಾಯುವುದೊಂದನ್ನು ಚೆನ್ನಾಗಿ ಕಲಿತಿದ್ದೇನೆ.

ಪೇಪರ್ ತರಲು ಇಳಿದೆ. ಮಾರ್ಕೆಟ್ ಬೀದಿಯ ಕೊನೆಯಲ್ಲಿ ಹಳೇ ಸಾಮಾನಿನ ಅಂಗಡಿ. ಕಿಟಕಿಯಲ್ಲಿ ಹೊಲಿಗೆ ಮಷೀನು, ಪಿಂಗಾಣಿ ನಾಯಿಗಳ ಜೋಡಿ, ಅವುಗಳ ನಡುವೆ ಒಂದು ಎಲೆಕ್ಟ್ರಿಕ್ ಗಿಟಾರ್. ಹಸಿರು. ನಮ್ಮ ಹಳೇ ಡಬಲ್ ಡೆಕ್ಕರ್‌ಗಳ ಹಸಿರಲ್ಲ, ಇನ್ನೂ ತೆಳು — ದಡದ ಹತ್ತಿರದ ಕಡಲಿನ ಬಣ್ಣ. ಮೇಲಂಚಿನಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಯಾರದೋ ಮೊಣಕೈ ವರ್ಷಗಟ್ಟಲೆ ಉಜ್ಜಿದ ಜಾಗ.

ಬೆಲೆ ಕೇಳೋಣವೆಂದು ಒಳಗೆ ಹೋದೆ. ಒಳಗೆ ಇಬ್ಬರು ಹೆಂಗಸರು. ಮಾತಾಡಲೆಂದು ಕತ್ತಿನ ತೂತು ಬೆರಳಿನಿಂದ ಮುಚ್ಚಿ ಗೊರಗೊರ ಎಂದರೆ ಇಬ್ಬರೂ ತಿರುಗುತ್ತಾರೆ. ಆಮೇಲೆ ಇಬ್ಬರೂ ತಿರುಗದವರ ಹಾಗೆ ಇರುತ್ತಾರೆ. ಎರಡನೆಯದೇ ಕಷ್ಟ. ಕೈಗೆ ಸಿಕ್ಕ, ಬೇಯಿಸಿದ ಮೊಟ್ಟೆ ನಿಲ್ಲಿಸುವ ಪುಟ್ಟ ಬಟ್ಟಲು ಎತ್ತಿ ತೋರಿಸಿ, ದುಡ್ಡು ಕೊಟ್ಟು ಬಂದೆ.

ಸಂಜೆ ನೆರಿಸ್ ಮೊಟ್ಟೆ ಬಟ್ಟಲನ್ನು ತಿರುವಿ ಮುರುವಿ ನೋಡಿದಳು.

ಮಾರ್ಚ್ 5, ಬುಧವಾರ

ಮತ್ತೆ ಹೋದೆ. ಮಳೆ, ಅಂಗಡಿ ಖಾಲಿ. ಅಂಗಡಿಯವಳ ಹೆಸರು ಡೆಲಿತ್. ಐವತ್ತೈದರ ಆಸುಪಾಸು, ಬಿಳಿ ಕೂದಲಿಗೆ ನೇರಳೆ ಬಣ್ಣ, ಬೆರಳ ಗೆಣ್ಣುಗಳೆಲ್ಲ ಊದಿವೆ. ಮಾತು ಶುರು ಮಾಡಿದರೆ ನಿಲ್ಲಿಸುವವಳಲ್ಲ. ನಾನು ಕತ್ತಿಗೆ ಬೆರಳಿಡುವಾಗ ಮಾತ್ರ ನಿಲ್ಲಿಸಿದಳು.

ಎಷ್ಟು ಎಂದೆ. ಬಂದದ್ದು ಅರ್ಧ ಗಾಳಿ. ಮತ್ತೆ ಒತ್ತಿ, ಮತ್ತೆ ಹೇಳಿದೆ.

"ನಿಧಾನಕ್ಕೆ ಹೇಳಿ, ನಂಗೇನ್ ಅವಸರ ಇಲ್ಲ" ಅಂದಳು. "ನಮ್ಮಪ್ಪ ಗಣಿಯಲ್ಲಿದ್ದೋರು. ಕೊನೆಕೊನೆಗೆ ಒಂದುಸಿರಿಗೆ ಒಂದೇ ಮಾತು ಬರ್ತಿತ್ತು. ನಂಗೆ ಕಾಯೋದು ರೂಢಿ ಕಣ್ರೀ."

ಪುಟ್ಟ ಸ್ಪೀಕರ್ ಪೆಟ್ಟಿಗೆ ಸೇರಿಸಿ ನೂರ ಅರವತ್ತು ಪೌಂಡ್. ಹಣದ ಮಾತಲ್ಲ, ಅಷ್ಟು ಕೊಡಬಹುದು. ನುಡಿಸೋಕೆ ಬರುತ್ತಾ ಎಂದು ಕೇಳಿದಳು. ಹುಡುಗನಾಗಿದ್ದಾಗ ಚಿಕ್ಕಪ್ಪನ ಮಗನ ಗಿಟಾರಿನಲ್ಲಿ ನಾಲ್ಕು ದಿನ ಕೆರೆದಿದ್ದೆ, ಅಷ್ಟೇ. ಚರ್ಚಿನಲ್ಲಿ ಕಲಿತ ದೊ-ರೆ-ಮಿ ಸ್ವರಗಳು ಗೊತ್ತು. ಆಮೇಲೆ ಜೀವನವಿಡೀ ಹಾಡಿದ್ದು. ಗಂಡಸರ ಹಾಡುಗುಂಪು, ಕಾಯರ್; ಅದರಲ್ಲಿ ಎತ್ತರದ ಧ್ವನಿಯವರ ಪೈಕಿ ಸೆಕೆಂಡ್ ಟೆನರ್. ಇಷ್ಟೆಲ್ಲ ಹೇಳುವಷ್ಟು ಗಾಳಿ ಇರಲಿಲ್ಲ. ತಲೆ ಅಡ್ಡಡ್ಡ ಆಡಿಸಿದೆ.

ವೈರು ಚುಚ್ಚಿ ನನ್ನ ತೊಡೆ ಮೇಲೆ ಇಟ್ಟಳು. ತೂಕವಿದೆ. ಒಂದು ತಂತಿ ಮೀಟಿದೆ. ಸ್ವರ ಉಳಿದು ನಿಂತಿತು, ಸಾಯಲಿಲ್ಲ. ಬೆರಳಿನಲ್ಲಿ ತಂತಿಯನ್ನು ಪಕ್ಕಕ್ಕೆ ತಳ್ಳಿದೆ, ಸುಮ್ಮನೆ, ಏನಾಗುತ್ತದೋ ನೋಡೋಣವೆಂದು. ಸ್ವರ ಮೇಲೇರಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಕೇಳಿಸಿತು. ಪಿಯಾನೋದಲ್ಲಿ ಆ ದಾರಿ ಇಲ್ಲ. ಗಂಟಲಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದೆ.

ಬೆವರಿತು. ಗಿಟಾರ್ ಕೆಳಗಿಟ್ಟು, ನೋಡೋಣ ಎಂದು ಸನ್ನೆ ಮಾಡಿ ಬಂದುಬಿಟ್ಟೆ. ಛತ್ರಿ ಅಲ್ಲೇ ಉಳಿಯಿತು.

ಮಾರ್ಚ್ 6, ಗುರುವಾರ

ಬೇಡ. ಯೋಚನೆ ಮಾಡಿ ಆಯಿತು. ಅರವತ್ತನಾಲ್ಕರ ಮುದುಕ ಎಲೆಕ್ಟ್ರಿಕ್ ಗಿಟಾರ್ ಹಿಡಿದರೆ ಬೀದಿಯವರು ನಗುತ್ತಾರೆ. ಪಕ್ಕದ ಮನೆಗೂ ನಮಗೂ ಇರುವುದು ಒಂದೇ ಗೋಡೆ. ಬೆರಳುಗಳು ಸ್ಪ್ಯಾನರ್ ಹಿಡಿದು ಹಿಡಿದು ಸಾಸೇಜಿನ ಹಾಗಾಗಿವೆ — ಒಂದು ಬೆರಳು ಇಟ್ಟರೆ ಎರಡು ತಂತಿ ಮುಚ್ಚುತ್ತದೆ. ಎಡಗೈಯಿಂದ ತಂತಿ ಒತ್ತಬೇಕು, ಬಲಗೈಯಿಂದ ಮೀಟಬೇಕು, ಹಾಗಾದರೆ ಕತ್ತಿನ ತೂತು ಮುಚ್ಚುವವರು ಯಾರು? ನುಡಿಸುವಷ್ಟು ಹೊತ್ತೂ ಮೂಗ. ನೆರಿಸ್‌ಗೆ ಐರ್ಲೆಂಡ್ ನೋಡಬೇಕು ಅಂತ ಎಷ್ಟೋ ವರ್ಷದಿಂದ ಆಸೆ. ಮೊದಲು ಅದು.

ಇಷ್ಟು ಬರೆದು ಓದಿದೆ. ಎಲ್ಲ ನಿಜ. ಆದರೂ ಕಾರಣ ಇದಾವುದೂ ಅಲ್ಲ. ಗಿಟಾರ್ ಕೊಂಡರೆ, ಇನ್ನು ಹಾಡಲಾರೆ ಅಂತ ಸಹಿ ಹಾಕಿಕೊಟ್ಟ ಹಾಗೆ. ಅದು.

ಸಂಜೆ ಕಾಯರಿನ ಗುರುವಾರದ ಪ್ರ್ಯಾಕ್ಟೀಸ್. ರಗ್ಬಿ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ. ಗಾಳಿ ಈ ಕಡೆ ಬೀಸಿದರೆ ನಮ್ಮ ಬೀದಿಯವರೆಗೂ ಕೇಳುತ್ತದೆ. ಕೆಳಸ್ವರದ ಬೇಸ್‌ನವರು ಕೇಳಿಸಿದರು. ಎದ್ದು ಕಿಟಕಿ ಹಾಕಿದೆ. ನೆರಿಸ್ ಹೆಣಿಗೆಯಿಂದ ತಲೆ ಎತ್ತಲಿಲ್ಲ.

ಮಾರ್ಚ್ 8, ಶನಿವಾರ

ಇದ್ವಲ್ ಬಂದಿದ್ದ. ಪ್ರತಿ ಶನಿವಾರ ಬರುತ್ತಾನೆ. ಊರಿಗೆಲ್ಲ ಪೋಸ್ಟ್ ಹಂಚಿ ರಿಟೈರ್ ಆದವನು, ಆನೆಯಂಥ ದೇಹ, ಕಾಯರಿನ ಬೇಸ್ ಸಾಲಿಗೆ ಕಂಬ. ಸ್ಕೂಲಿನಿಂದ ಜೊತೆಗಿದ್ದೇವೆ. ಬಂದವನು ಊರಿನ ಸುದ್ದಿಯೆಲ್ಲ ಹೇಳುತ್ತಾನೆ, ಕೇಕು ತಿನ್ನುತ್ತಾನೆ, ಹೋಗುತ್ತಾನೆ. ನಾನು ಮಾತಾಡದಿದ್ದರೆ ಅವನಿಗೆ ನಷ್ಟವಿಲ್ಲ, ಮೊದಲೂ ಅವನದೇ ಮಾತು.

ಇವತ್ತು ವಿಷಯಕ್ಕೆ ಬಂದ. ಬೇಸಿಗೆಯ ಹಾಡಿನ ಕಚೇರಿಗೆ ತಯಾರಿ ಶುರುವಾಗಿದೆಯಂತೆ. ಬಂದು ಸುಮ್ಮನೆ ಕೂರು ಅಂದ. ಹಾಳೆ ತಿರುವಿ ಹಾಕು, ಬಾಗಿಲಲ್ಲಿ ಟಿಕೆಟ್ ಹರಿ, ಏನಾದರೂ ಮಾಡು.

"ನಿನ್ನ ಕುರ್ಚಿ ಹಂಗೇ ಇಟ್ಟಿದೀವಿ ಕಣೋ" ಅಂದ. "ಯಾರನ್ನೂ ಕೂರಿಸಿಲ್ಲ. ಎರಡನೇ ಸಾಲಲ್ಲಿ ಖಾಲಿ ಬಿಟ್ಟಿದೀವಿ."

ಅವನಿಗೆ ಅದು ಪ್ರೀತಿ. ನನಗೆ ಮೈ ಉರಿಯಿತು. ಖಾಲಿ ಕುರ್ಚಿ ಬಿಡುವುದು ಸತ್ತವರಿಗೆ. ಕೂಗಬೇಕು ಅನಿಸಿತು. ಬೆರಳು ಒತ್ತಿ ಕೂಗಿದೆ. ಕೂಗಿದರೆ ಈ ವಾಲ್ವು ಮುಚ್ಚಿಕೊಳ್ಳುತ್ತದೆ. ಮಾತು ಬರಲಿಲ್ಲ, ಕಫ ಬಂತು, ಕೆಮ್ಮು ಬಂತು. ಕೊನೆಗೆ ಹಾಳೆ ಎಳೆದುಕೊಂಡು ದೊಡ್ಡದಾಗಿ ಬರೆದೆ — ಕುರ್ಚಿ ತೆಗೆದುಬಿಡಿ.

ಇದ್ವಲ್ ಓದಿದ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಕೇಕ್ ಅರ್ಧಕ್ಕೇ ಬಿಟ್ಟು ಹೋದ. ಅವನು ತಟ್ಟೆಯಲ್ಲಿ ಏನನ್ನಾದರೂ ಬಿಟ್ಟದ್ದನ್ನು ಇವತ್ತೇ ನೋಡಿದ್ದು.

ಮಾರ್ಚ್ 12, ಬುಧವಾರ

ಛತ್ರಿ ತರಲು ಹೋದೆ. ಛತ್ರಿ ತರಲೆಂದೇ.

ಡೆಲಿತ್ ಛತ್ರಿಯ ಜೊತೆ ಗಿಟಾರನ್ನೂ ಕೈಗೆ ಕೊಟ್ಟಳು. ಈ ಸಲ ನುಡಿಸಲಿಲ್ಲ, ಪರೀಕ್ಷೆ ಮಾಡಿದೆ. ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನುದ್ದಕ್ಕೂ ನೋಡಿದೆ, ಬಸ್ಸಿನ ಶಾಫ್ಟ್ ಬಾಗಿದೆಯೋ ಎಂದು ನೋಡುವ ಹಾಗೆ. ನೆಟ್ಟಗಿದೆ. ಆದರೆ ತಂತಿ ಒತ್ತುವ ಕಡೆಯ ಲೋಹದ ಪಟ್ಟಿಗಳು ಸವೆದಿವೆ. ಸೌಂಡಿನ ಗುಂಡಿ ತಿರುಗಿಸಿದರೆ ಕರಕರ ಅನ್ನುತ್ತದೆ. ವೈರು ಚುಚ್ಚುವ ತೂತು ಸಡಿಲ — ಅಲ್ಲಾಡಿದರೆ ಸದ್ದೇ ಹೋಗುತ್ತದೆ. ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಖುಷಿಯಾಗುತ್ತಿತ್ತು. ಕೊಳ್ಳದೇ ಇರುವುದಕ್ಕೆ ಗಟ್ಟಿ ಕಾರಣಗಳು.

"ನೀವು ಗಿಟಾರ್ ನೋಡೋಕೆ ಬಂದ್ರೋ, ಬಸ್ಸಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡೋಕೆ ಬಂದ್ರೋ?" ಅಂದಳು.

ನಕ್ಕೆ. ನನ್ನ ನಗುವಿಗೆ ಸದ್ದಿಲ್ಲ, ಕತ್ತಿನಿಂದ ಬುಸ್ ಅಂತ ಗಾಳಿ ಹೋಗುತ್ತದೆ. ಅವಳಿಗೆ ಅದು ನಗುವೆಂದು ಗೊತ್ತಾಯಿತು.

ಅವಳ ಕಥೆ ಹೇಳಿದಳು. ಹುಡುಗಿಯಾಗಿದ್ದಾಗ ನಾಲ್ವರು ಸೇರಿ ಬ್ಯಾಂಡ್ ಕಟ್ಟಿದ್ದರಂತೆ, ಗಣಿ ಕಾರ್ಮಿಕರ ಕ್ಲಬ್ಬುಗಳಲ್ಲೆಲ್ಲ ನುಡಿಸಿದ್ದರಂತೆ. ಈಗ ಸಂಧಿವಾತ. ಬಾಟಲಿ ಮುಚ್ಚಳ ತೆಗೆಯುವುದಕ್ಕೂ ಪಕ್ಕದ ಕಟುಕನ ಅಂಗಡಿಗೆ ಹೋಗಬೇಕು. ಬೆರಳು ಮಡಚಲಾಗದವರು ಲೋಹದ ಕೊಳವೆಯೊಂದನ್ನು ಬೆರಳಿಗೆ ಹಾಕಿ ತಂತಿ ಮೇಲೆ ಜಾರಿಸುತ್ತಾರಂತೆ. ತಾನೂ ಸ್ವಲ್ಪ ದಿನ ಹಾಗೆ ನುಡಿಸಿದೆ, ಆಮೇಲೆ ಅದೂ ಆಗಲಿಲ್ಲ ಅಂದಳು. ಅಳುಮೋರೆ ಇಲ್ಲ. ನಾಳೆ ಗುಜರಿಯವನು ಬರುತ್ತಾನೆ ಎನ್ನುವ ಹಾಗೆ ಹೇಳಿದಳು.

ಮನೆಗೆ ಬಂದು ಗ್ಯಾರೇಜಿಗೆ ಹೋದೆ. ಟೂಲ್ ಬಾಕ್ಸಿನಲ್ಲಿ ನಟ್ ಬಿಚ್ಚುವ ಉದ್ದನೆಯ ಸಾಕೆಟ್ ಕೊಳವೆಗಳನ್ನು ಒಂದೊಂದಾಗಿ ಉಂಗುರದ ಬೆರಳಿಗೆ ಹಾಕಿ ನೋಡಿದೆ. ಒಂದು ಸರಿಯಾಗಿ ಕೂತಿತು. ತೆಗೆದು ಮತ್ತೆ ಅದರ ಜಾಗದಲ್ಲಿ ಇಟ್ಟೆ.

ಮಾರ್ಚ್ 14, ಶುಕ್ರವಾರ

ಹೇಗೆ ಬರೆಯಲಿ.

ವಾಕಿಂಗ್ ಹೋದವನು ಬೆಟ್ಟ ಹತ್ತಲಾಗದೆ ಬೇಗ ತಿರುಗಿದೆ. ಹಿಂದಿನ ಓಣಿಯಿಂದ ಬಂದೆ. ಹಿತ್ತಿಲಿನಲ್ಲಿ ಯಾರೋ ಹಾಡುತ್ತಿದ್ದರು. ಹೆಂಗಸರ ಕೆಳಧ್ವನಿಯಲ್ಲಿ, ಆಲ್ಟೋ. ಚರ್ಚಿನ ಹಳೇ ಕೀರ್ತನೆ. ಅದರ ಮುಖ್ಯ ರಾಗವಲ್ಲ, ಕೆಳಗಿನ ಸಾಲು — ಮೇಲಿನ ಸಾಲನ್ನು ಬೇರೆ ಯಾರೋ ಹಾಡುತ್ತಿದ್ದಾರೆ ಎಂಬಂತೆ. ನೆರಿಸ್. ಬಟ್ಟೆ ಒಣಗಿ ಹಾಕುತ್ತಿದ್ದಳು. ನನ್ನ ಶರ್ಟು.

ಗೇಟಿನ ಚಿಲಕ ಸದ್ದಾಯಿತು. ಹಾಡು ನಿಂತಿತು. ಕ್ಲಿಪ್ ಬಾಯಲ್ಲಿ ಕಚ್ಚಿಕೊಂಡು ತಿರುಗಿದಳು. ಬಂದ್ಯಾ, ಟೀ ಇಡಲಾ ಅಂದಳು. ಮುಖ ಕೆಂಪಾಗಿತ್ತು.

ಟೀ ಕುಡಿಯುತ್ತ ನೆನಪು ಮಾಡಿಕೊಂಡೆ. ಮದುವೆಯಾದಾಗಿನಿಂದ ಪಾತ್ರೆ ತೊಳೆಯುವಾಗ ಅವಳು ಹಾಡುತ್ತಿದ್ದಳು. ನಾನು ಹಜಾರದಲ್ಲಿ ಪೇಪರ್ ಓದುತ್ತಲೇ ಸೇರಿಕೊಳ್ಳುತ್ತಿದ್ದೆ. ಮಾತಿಲ್ಲದೇ ಜಗಳ ಮುಗಿಯುತ್ತಿದ್ದದ್ದೂ ಹಾಗೆಯೇ. ಆಪರೇಶನ್ ಆದ ಮೇಲೆ ಅವಳು ಮನೆಯಲ್ಲಿ ಒಂದು ಸಾಲೂ ಹಾಡಿಲ್ಲ. ಇಷ್ಟು ತಿಂಗಳು ಅದು ನನ್ನ ಗಮನಕ್ಕೇ ಬಂದಿಲ್ಲ. ಮನೆ ಮೌನವಾಗಿರುವುದು ನನ್ನೊಬ್ಬನಿಂದ ಅಂದುಕೊಂಡಿದ್ದೆ.

ನಾನು ಹೊರಗೆ ಹೋಗುವುದನ್ನು ಕಾದು ಹಾಡುತ್ತಾಳೆ. ಸ್ವಂತ ಮನೆಯಲ್ಲಿ, ಕದ್ದು.

ಮಾರ್ಚ್ 15, ಶನಿವಾರ

ಇದ್ವಲ್ ಬರಲಿಲ್ಲ. ನೆರಿಸ್ ಕೇಕ್ ಮಾಡಿದ್ದಳು. ನಿನ್ನ ಹಾಡು ಕೇಳಿಸಿತು ಅಂತ ಹೇಳಬೇಕೆಂದು ಎರಡು ಸಲ ಕತ್ತಿಗೆ ಬೆರಳಿಟ್ಟೆ. ಏನು ಎಂಬಂತೆ ನೋಡಿದಳು. ಉಪ್ಪು ಕೊಡು ಅಂದೆ. ಎರಡು ಸಲವೂ. ಕೇಕಿಗೆ ಯಾರಾದರೂ ಉಪ್ಪು ಕೇಳುತ್ತಾರೆಯೇ.

ಸ್ವಲ್ಪ ಚಳಿ. ಎದೆಯಲ್ಲಿ ಏನೋ ಕಟ್ಟಿದ ಹಾಗಿದೆ.

ಏಪ್ರಿಲ್ 17, ಗುರುವಾರ

ಮನೆಗೆ ಬಂದೆ. ಕೈ ಬರೆಯುವುದನ್ನೇ ಮರೆತಿದೆ.

ನ್ಯುಮೋನಿಯಾ. ಕಾರ್ಡಿಫ್‌ನ ಆಸ್ಪತ್ರೆ. ಮೊದಲು ಎದೆಯ ಫೋಟೋದಲ್ಲಿ ನೆರಳೊಂದು ಕಂಡಿತು. ಡಾಕ್ಟರು ಅದರ ಹೆಸರು ಹೇಳಲಿಲ್ಲ, ನಾವು ಕೇಳಲಿಲ್ಲ. ರಿಪೋರ್ಟ್ ಬರುವವರೆಗೆ ನೆರಿಸ್ ಪಕ್ಕದ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ಕೊನೆಗೆ ಬರೀ ಸೋಂಕು ಅಂದರು. ಧ್ವನಿಪೆಟ್ಟಿಗೆ ತಿಂದ ಹಳೇ ಕಾಯಿಲೆ ಅಲ್ಲ. ಡಾಕ್ಟರು ಹೋದ ಮೇಲೆ ಅವಳು ನನ್ನ ಹೊದಿಕೆಯ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಅದರ ಮಾರನೇ ಮಧ್ಯಾಹ್ನ, ಪರದೆ ಎಳೆದಿತ್ತು, ಇಬ್ಬರೇ ಇದ್ದೆವು. ಬರೆಯುವ ಪುಟ್ಟ ಬೋರ್ಡ್ ತೆಗೆದುಕೊಂಡು ಬರೆದೆ — ಹಾಡು. ಅವಳು ಓದಿ, ತೋಳಿನಿಂದ ಅಳಿಸಿ, ಟೀ ತರುತ್ತೇನೆ ಅಂತ ಎದ್ದು ಹೋದಳು. ತುಂಬ ಹೊತ್ತಿನ ಮೇಲೆ ಬಂದಳು. ಟೀ ತಂದಿರಲಿಲ್ಲ.

"ಆಗಲ್ಲ" ಅಂದಳು. "ನಿನ್ನ ಮುಂದೆ ಹಾಡೋದು ಅಂದ್ರೆ ಕಾಲು ಹೋದವನ ಮುಂದೆ ಓಡಿ ತೋರಿಸಿದ ಹಾಗೆ. ನನ್ನ ಕೈಲಿ ಆಗಲ್ಲ ಎಲ್ವೆಡ್."

ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಮಿಸ್ಟರ್ ಪ್ರಾಸರ್ ಅನ್ನುತ್ತಿದ್ದರು. ಹೆಸರು ಹಿಡಿದು ಕರೆದದ್ದು ಕೇಳಿ ಬಹಳ ದಿನವಾಗಿತ್ತು. ನನಗೆ ಓಡುವವರನ್ನು ನೋಡುವುದು ಇಷ್ಟ ಅಂತ ಬರೆಯಬಹುದಿತ್ತು. ಬರೆಯಲಿಲ್ಲ. ಅವಳ ಕೈ ಹಿಡಿದುಕೊಂಡೆ. ಔಷಧಿ ಅಂಗಡಿಯ ಕೈ, ಸೋಪು ಹಾಕಿ ಹಾಕಿ ಒಡೆದ ಕೈ.

ಏಪ್ರಿಲ್ 22, ಮಂಗಳವಾರ

ಹೇಳಿಬಿಟ್ಟೆ. ಆಲೂಗಡ್ಡೆ ಹೆಚ್ಚುತ್ತಿದ್ದಳು. ಡೆಲಿತ್ ಅಂಗಡಿ, ಗಿಟಾರ್, ತಂತಿ ತಳ್ಳಿದಾಗ ಏರಿದ ಸ್ವರ. ಮಧ್ಯೆ ಮಧ್ಯೆ ಉಸಿರು ಎಳೆದುಕೊಳ್ಳುತ್ತ, ಒಂದೊಂದೇ ವಾಕ್ಯ. ಚಾಕು ಕೈಯಲ್ಲೇ ಹಿಡಿದು ಕೇಳಿದಳು.

"ಯಾವ ಬಣ್ಣ?" ಅಂದಳು.

ಹಸಿರು ಅಂದೆ. ಮತ್ತೆ ಆಲೂಗಡ್ಡೆ. ಎರಡು ಹೆಚ್ಚಿ ಆದ ಮೇಲೆ ಬೇಡ ಅಂದಳು. ಯಾಕೆ ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ, ಕಿಟಕಿಗೆ ಹೇಳಿದಳು.

"ನೀನು ನಾಲ್ಕು ದಿನ ನುಡಿಸ್ತೀಯ. ಬರಲ್ಲ. ಹಾಡ್ತಿದ್ದ ಹಾಗೆ ಬರಬೇಕು ನಿಂಗೆ, ಅದು ಎಲ್ಲಿ ಬರುತ್ತೆ. ಗ್ಯಾರೇಜಿಗೆ ಹಾಕ್ತೀಯ. ಧ್ವನಿ ಹೋದಾಗ ನಿನ್ನ ಮುಖ ನೋಡ್ಕೊಂಡು ಇದ್ದೆನಲ್ಲ, ಅದನ್ನ ಇನ್ನೊಂದು ಸಲ ನೋಡೋಕೆ ನಂಗೆ ಶಕ್ತಿ ಇಲ್ಲ."

ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೀದಿಯವರು, ಗೋಡೆ, ಬೆರಳು, ಪಟ್ಟಿ ಸವೆದದ್ದು, ಎಲ್ಲ ಹಿಡಿದಿದ್ದೆ. ನನ್ನ ಮುಖ ನೋಡುವವರು ಯಾರು ಎನ್ನುವುದನ್ನು ಬಿಟ್ಟು.

ಸರಿ, ಬಿಡು ಅಂದೆ. ನಿಜವಾಗಿಯೇ ಬಿಟ್ಟೆ. ಊಟದಲ್ಲಿ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಏಪ್ರಿಲ್ 26, ಶನಿವಾರ

ಬೆಳಿಗ್ಗೆ ನೆರಿಸ್ ಕೋಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಎಂದರೆ, ಆ ಹಸಿರು ಹೇಗಿದೆ ನೋಡಬೇಕು ಅಂದಳು. ಬರೀ ನೋಡುವುದಕ್ಕೆ. ನಾನು ಗ್ಯಾರೇಜಿಗೆ ಹೋಗಿ ಬಂದೆ.

ಕಿಟಕಿಯಲ್ಲಿ ಗಿಟಾರ್ ಇಲ್ಲ. ಪಿಂಗಾಣಿ ನಾಯಿಗಳ ನಡುವೆ ಒಂದು ಗಡಿಯಾರ. ನನ್ನ ಕಾಲು ನಿಂತೇ ಹೋಯಿತು. ನೆರಿಸ್ ನನ್ನ ಮುಖ ನೋಡಿದಳು, ಆಮೇಲೆ ಬಾಗಿಲು ತಳ್ಳಿ ಒಳಗೆ ನಡೆದಳು.

ಹೋಗಿರಲಿಲ್ಲ. ಹಿಂದಿನ ಕೋಣೆಯಲ್ಲಿತ್ತು. ಡೆಲಿತ್ ಗೊತ್ತಿದ್ದವರ ಹತ್ತಿರ ಕರಕರ ಗುಂಡಿ ಹೊಸದು ಹಾಕಿಸಿ, ಸಡಿಲ ತೂತು ಬಿಗಿ ಮಾಡಿಸಿ ಇಟ್ಟಿದ್ದಳು. ಪಟ್ಟಿ ಮಾತ್ರ ಹಾಗೇ ಇದೆ, ಅದಕ್ಕೆ ಏನೂ ಹೇಳಬೇಡಿ ಅಂದಳು ನನಗೆ. ಇಷ್ಟು ದಿನ ಎಲ್ಲಿದ್ದಿರಿ ಅಂತ ಬೈದಳು. ನೆರಿಸ್ ಆಸ್ಪತ್ರೆ ಅಂದಳು. ಡೆಲಿತ್ ಕುರ್ಚಿ ಎಳೆದು ಕೊಟ್ಟಳು, ನನಗಲ್ಲ, ನೆರಿಸ್‌ಗೆ. ನೆರಿಸ್ ಕೂರಲಿಲ್ಲ. ಕೊಳ್ಳಲು ಬಂದಿಲ್ಲ ಅಂತ ಮೊದಲೇ ಹೇಳಿಬಿಟ್ಟಳು.

ತೊಡೆ ಮೇಲೆ ಗಿಟಾರ್. ಜೇಬಿನಿಂದ ಸಾಕೆಟ್ ತೆಗೆದು ಬೆರಳಿಗೆ ಹಾಕಿದೆ. ಡೆಲಿತ್ ಒಂದು ಹುಬ್ಬು ಏರಿಸಿದಳು. ತಂತಿ ಮೇಲೆ ಇಟ್ಟೆ. ಒತ್ತಬೇಕಾಗಿಲ್ಲ, ತಾಗಿಸಿದರೆ ಸಾಕು. ಒಂದೇ ತಂತಿ. ಕೀರ್ತನೆಯ ಮೊದಲ ಸಾಲು. ದೊ ಸಿಕ್ಕಿತು. ರೆ ಸಿಕ್ಕಿತು. ಮೂರನೆಯದಕ್ಕೆ ಜಾರಿಸಿದೆ, ದಾಟಿ ಹೋಯಿತು, ಹಿಂದಕ್ಕೆ ತಂದೆ, ಹುಡುಕಿ ಹುಡುಕಿ ಕೂರಿಸಿದೆ. ಕೊಳಕು ಸದ್ದು. ಮತ್ತೆ ಮೊದಲಿಂದ. ಮೇಲಿನ ಸ್ವರಕ್ಕೆ ಕೆಳಗಿನಿಂದ ಎಳೆದುಕೊಂಡು ಹೋದೆ, ತಲುಪಿದೆ, ಅಲ್ಲಿ ಬೆರಳನ್ನು ಸ್ವಲ್ಪ ನಡುಗಿಸಿದೆ. ಅದು ತಾನಾಗಿ ಬಂತು. ಕೈಗೆ ಹೇಳಿಕೊಟ್ಟವರಿಲ್ಲ.

ನೆರಿಸ್ ಕಪಾಟಿನ ಕಡೆ ತಿರುಗಿ ಹಳೇ ತಟ್ಟೆಯೊಂದನ್ನು ಎತ್ತಿ ಅದರ ತಳ ಓದುತ್ತಿದ್ದಳು. ತಳದಲ್ಲಿ ಅಷ್ಟು ಓದುವಂಥದ್ದು ಏನೂ ಇರಲಾರದು. ಸ್ವರ ಆರಿದ ಮೇಲೆ ತಟ್ಟೆ ಇಟ್ಟಳು.

"ಇದು ನಿನ್ನ ಹಾಗೇ ಜಾರ್ಕೊಂಡು ಹೋಗುತ್ತೆ" ಅಂದಳು. "ಮೇಲಿನ ಸ್ವರಕ್ಕೆ ನೇರ ಹೋಗೋದೇ ಇಲ್ಲ. ಕಾಯರ್ ಮಾಸ್ಟರ್ ಎಷ್ಟು ಬೈತಿದ್ರು ನಿಂಗೆ."

ನಿಜ. ಮೆಟ್ಟಿಲು ಹತ್ತಿಕೊಂಡು ಬರಬೇಡ, ನೇರ ಬಂದು ನಿಲ್ಲು ಅಂತ ಪ್ರತಿ ಪ್ರ್ಯಾಕ್ಟೀಸಿನಲ್ಲೂ. ಸಾಯುವವರೆಗೂ ಅವರು ಬೈದರು, ನಾನು ತಿದ್ದಿಕೊಳ್ಳಲಿಲ್ಲ. ಅವರು ಹೋದ ಮೇಲೂ.

ತಗೊಳ್ತೀಯಾ ಅಂದಳು ನೆರಿಸ್. ತನ್ನನ್ನು ಕೇಳಬೇಡ, ನೀನೇ ಹೇಳು ಅಂದಳು. ಹೂಂ ಅನ್ನಬೇಕಾದರೆ ಗಿಟಾರಿನಿಂದ ಒಂದು ಕೈ ತೆಗೆದು ಕತ್ತಿಗೆ ಇಡಬೇಕು. ತೆಗೆಯಲಿಲ್ಲ. ತಲೆ ಆಡಿಸಿದೆ.

ಡೆಲಿತ್ ಚೌಕಾಸಿ ಮಾಡುತ್ತೀರಾ ಅಂತ ಕೇಳಿದಳು. ಮಾಡಲಿಲ್ಲ. ಸ್ಪೀಕರ್ ಪೆಟ್ಟಿಗೆಯನ್ನು ನೆರಿಸ್ ಹೊತ್ತಳು. ಬೀದಿಯಲ್ಲಿ ನಾಲ್ಕೈದು ಜನ ನೋಡಿದರು. ನೋಡಲಿ.

ಮೇ 3, ಶನಿವಾರ

ಒಂದು ವಾರ. ನೆರಿಸ್ ಹೇಳಿದ ಹಾಗೆಯೇ ಆಗುತ್ತಿದೆ. ಬರುವುದಿಲ್ಲ. ಕಿವಿಗೆ ಗೊತ್ತಿರುವುದು ಕೈಗೆ ಗೊತ್ತಿಲ್ಲ. ಬುಧವಾರ ಸಾಕೆಟ್ ಎಸೆದೆ, ಸೋಫಾ ಕೆಳಗೆ ಹೋಯಿತು. ಬಾಗಿಲಲ್ಲಿ ಅವಳು ನಿಂತಿದ್ದಳು. ತಿರುಗಿ ಒಳಗೆ ಹೋದಳು. ಆ ನಡಿಗೆ ನೋಡಿ, ಮಂಡಿಯೂರಿ ಸಾಕೆಟ್ ಹುಡುಕಿ ತೆಗೆದೆ.

ಅವಳು ಹಾಡಿಲ್ಲ. ನಾನು ಕೇಳಿಲ್ಲ. ಕೇಳಿದರೆ ಅದು ಇನ್ನೂ ದೂರ ಹೋಗುತ್ತದೆ.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಇದ್ವಲ್. ಆಸ್ಪತ್ರೆಗೆ ಎರಡು ಸಲ ಬಂದಿದ್ದನಂತೆ, ನಾನು ಮಲಗಿದ್ದೆನಂತೆ, ನೆರಿಸ್ ಈಗ ಹೇಳಿದಳು. ಒಳಗೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ. ನನ್ನ ಮನೆಯಲ್ಲಿ ಅವನು ಯಾವತ್ತೂ ಹಾಗೆ ನಿಂತವನಲ್ಲ.

"ಕುರ್ಚಿ ತೆಗೆದ್ವಿ ಕಣೋ" ಅಂದ. "ಸಾಲು ಹತ್ತಿರ ಮಾಡಿದ್ವಿ. ಮೊದಲನೇ ದಿನ ಯಾರಿಗೂ ಹಾಡೋಕಾಗಲಿಲ್ಲ. ಈಗ ಪರವಾಗಿಲ್ಲ."

ತೆಗೆಯಿರಿ ಅಂದವನು ನಾನೇ. ಆದರೂ ಕೇಳಲು ಕಷ್ಟವಾಯಿತು. ಆಮೇಲೆ ಹಗುರವೂ ಆಯಿತು. ಅವನ ಭುಜ ಹಿಡಿದು ಕೂರಿಸಿದೆ. ಗಿಟಾರ್ ನೋಡಿ ಇದೇನೋ ಮಾರಾಯ ಅಂದ. ಎರಡು ಸಾಲು ನುಡಿಸಿ ತೋರಿಸಿದೆ, ತಪ್ಪುಗಳ ಸಮೇತ. ಬೆಕ್ಕಿನ ಬಾಲ ಮೆಟ್ಟಿದ ಹಾಗಿದೆ ಅಂದ. ಇನ್ನೊಂದು ಸಲ ನುಡಿಸು ಅಂದ. ಎರಡನೇ ಸಲ ಅವನ ಹೊಟ್ಟೆಯಿಂದ ಬೇಸ್ ಹೊರಟಿತು, ನೆಲದಲ್ಲಷ್ಟೇ ಅದುರು ತಿಳಿಯುವಷ್ಟು ಮೆಲ್ಲಗೆ. ನನ್ನ ಸ್ವರ ಅವನ ಮೇಲೆ ಕೂತಿತು, ಸರಿಯಾಗಿ ಅಲ್ಲ, ಆದರೂ ಕೂತಿತು.

ಅಡುಗೆ ಮನೆಯಲ್ಲಿ ನೀರು ಬಿಟ್ಟ ಸದ್ದು ನಿಂತಿತ್ತು. ಅಷ್ಟೇ. ಹಾಡು ಬರಲಿಲ್ಲ.

ಇದ್ವಲ್ ಕೇಕ್ ಪೂರ್ತಿ ತಿಂದ.

ಮೇ 8, ಗುರುವಾರ

ಪ್ರ್ಯಾಕ್ಟೀಸಿನ ಸಂಜೆ. ಕಿಟಕಿ ತೆರೆದಿದ್ದೆ. ಅವರು ಹಾಡುವುದರ ಜೊತೆ ಒಂದು ತಂತಿಯಲ್ಲಿ ನನ್ನ ಸಾಲನ್ನು ಹುಡುಕಿದೆ. ಪಕ್ಕದ ಮನೆಯವರು ಗೋಡೆ ಬಡಿಯಲಿಲ್ಲ. ಇವತ್ತು ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಿದಾಗಲೂ ಕೇಳಿದ್ದಿಷ್ಟೇ — ಆ ಎರಡನೇ ಸಾಲು ಯಾವಾಗ ಮುಗಿಯುತ್ತದೆ.

ಮೇ 11, ಭಾನುವಾರ, ಮಧ್ಯಾಹ್ನ

ಬೇಗ ಬರೆಯಬೇಕು.

ಊಟವಾಗಿತ್ತು. ನೆರಿಸ್ ಮಹಡಿಯಲ್ಲಿ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದಳು. ನಾನು ಕೆಳಗೆ ಎರಡನೇ ಸಾಲು ನುಡಿಸುತ್ತಿದ್ದೆ. ಕೊನೆಯ ತಿರುವಿನಲ್ಲಿ ಯಾವಾಗಲೂ ತಪ್ಪುತ್ತದೆ, ಸೊ ಬರಬೇಕಾದಲ್ಲಿ ಅದರ ಮೇಲಿನ ಲಾ ಸ್ವರಕ್ಕೆ ಹೋಗಿಬಿಡುತ್ತೇನೆ. ಒಂದು ಸಲ ತಪ್ಪಿತು. ಇನ್ನೊಂದು ಸಲ. ಮತ್ತೊಂದು. ಮೇಲಿನಿಂದ ದಿಂಬು ಕೊಡವುವ ಸದ್ದು ನಿಂತಿತು. ಆಮೇಲೆ ಅವಳ ಧ್ವನಿ — ಪ್ರೀತಿಯಿಂದಲ್ಲ, ಸಿಟ್ಟಿನಿಂದ, ಪಕ್ಕಾ ಸಿಟ್ಟು — ಆ ಸಾಲನ್ನು ಮೊದಲಿಂದ ಕೊನೆವರೆಗೆ, ತುಂಬು ಗಂಟಲಿನಲ್ಲಿ, ಸೊ ಬರುವಲ್ಲಿ ಮೊಳೆ ಹೊಡೆದ ಹಾಗೆ ಒತ್ತಿ ಹಾಡಿ ತೋರಿಸಿದಳು. ಕಿಟಕಿ ಗಾಜು ಅದುರಿತು.

ಆಮೇಲೆ ಪೂರ್ತಿ ಸದ್ದಿಲ್ಲ. ಏನು ಮಾಡಿಬಿಟ್ಟೆ ಅಂತ ಅವಳಿಗೆ ಆಗಲೇ ಗೊತ್ತಾಗಿರಬೇಕು.

ನಾನು ಸಾಕೆಟ್ ತಂತಿ ಮೇಲಿಟ್ಟು ಅದೇ ಸಾಲು ನುಡಿಸಿದೆ. ತಿರುವಿಗೆ ಬಂದೆ. ಸೊ ಕೈಗೆ ಸಿಕ್ಕಿತ್ತು, ಮೊದಲನೇ ಸಲ, ಸರಿಯಾಗಿ ಅದರ ಮೇಲೇ ಇದ್ದೆ. ಅಲ್ಲಿಂದ ಬೇಕಂತಲೇ ಲಾ ಸ್ವರಕ್ಕೆ ಜಾರಿಸಿದೆ.

ಗಿಟಾರ್ ಬದಿಗಿಟ್ಟು, ಮೇಲಕ್ಕೆ ಕಿವಿಗೊಟ್ಟು ಇಷ್ಟು ಬರೆದೆ. ಈಗ ಮಹಡಿಯಲ್ಲಿ ಏನೋ ನೆಲಕ್ಕೆ ಬಿತ್ತು. ಮೆಟ್ಟಿಲ ಮೇಲೆ ಹೆಜ್ಜೆ. ಹಾಡಿಕೊಂಡೇ ಇಳಿಯುತ್ತಿದ್ದಾಳೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಸ್ವರ ಎಣಿಸುತ್ತ, ಈಗ ಹಜಾರದ ಬಾಗಿಲ ಹತ್ತಿರ, ನಾನು ಪೆನ್ನು ಹಿಡಿದು ಕೂತಿರುವುದನ್ನು ಕಂಡರೆ